ಸರ್ಪಗಂಧದ ಬುಡ

ಎಲೆಯೊಂದು ಜೋತುಬಿದ್ದಿದೆ, ಬಿಸಿಲಿಗೆ ಇರಬೇಕು, ಬಿಸಿಲಿಗೇ — ಬೆಳಿಗ್ಗೆ ಚೊಂಬಿನಲ್ಲಿ ನೀರು ತಂದು ಎರೆದವಳು ತಾನೇ, ಈಗ ಅತ್ತ ನೋಡಲು ಧೈರ್ಯವಿಲ್ಲದೆ ಅನಂತಮತಿ ಸೆರಗಿನಿಂದ ಕತ್ತು ಒರೆಸಿಕೊಂಡಳು, ಪುತ್ತಿಗೆಯ ಈ ಬೋಳುಗುಡ್ಡೆಯಲ್ಲಿ ಮುಳಿಹುಲ್ಲು, ನೆಕ್ಕರಿಕ, ಕೇಪಳ, ಅವುಗಳ ನಡುವೆ ಸರ್ಪಗಂಧದ ಮೂರು ಗಿಡ, ಸಾಲಾಗಿ — ಅಯ್ಯೋ, ಸಾಲಾಗಿ ಯಾಕೆ ನೆಟ್ಟೆ, ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಸಾಲಲ್ಲಿ ನಿಲ್ಲಿಸಿದ ಕೈ, ಬೇರೆ ಹೇಗೆ ನೆಟ್ಟೀತು — ಕೆಳಗೆ ನೀರು ಹರಿಯುವ ತೋಡಿನ ಬದಿಯ ಕಾಡಿನಲ್ಲಿ, ಮರದಡಿಯ ನೆರಳಲ್ಲಿ, ಹೆಜ್ಜೆಯಿಟ್ಟರೆ ಹೂತುಹೋಗುವ ಕಪ್ಪು ಮಣ್ಣಿನಲ್ಲಿ ಎಷ್ಟು ಸುಖವಾಗಿದ್ದವು, ಆದರೆ ತೋಡು ಬೇರೆ ಸರ್ವೆ ನಂಬರಂತೆ, ಅಲ್ಲಿರುವುದು ಲೆಕ್ಕಕ್ಕಿಲ್ಲವಂತೆ, ಗುಡ್ಡೆಯ ಮೇಲೆಯೇ ಅಪರೂಪದ ಗಿಡ ಉಂಟೆಂದಾದರೆ ಕಲ್ಲುಕೋರೆಗೆ ಒಪ್ಪಿಗೆ ಕಷ್ಟ ಎಂದು ಪಂಚಾಯತಿನಲ್ಲಿ ಯಾರೋ ಅಂದದ್ದೇ ತಡ, ಆಟಿ ತಿಂಗಳ ಮಳೆಯಲ್ಲಿ ಬುಡದ ಮಣ್ಣು ಸಮೇತ ಕಿತ್ತು, ಬುಟ್ಟಿಯಲ್ಲಿ ಹೊತ್ತು, ಕೆಂಪು ಮುರಮಣ್ಣು ಅಗೆದು ಇಟ್ಟದ್ದು, ಕೆಂಪಿನ ನಡುವೆ ಕಪ್ಪು ದುಂಡಗೆ ಎದ್ದು ಕಂಡು ಹೆದರಿ ತರಗೆಲೆ ಹರಡಿದ್ದು. ಗುಡ್ಡೆ ಕೊಯ್ದರೆ ಒರತೆ ಬತ್ತುತ್ತದೆ, ಎಂಟು ಮನೆಯ ಬಾವಿ, ಆ ಕಾಡು, ಎಲ್ಲ —

ಏನಕ್ಕ, ಸಣ್ಣದಿರುವಾಗಿಂದ ಇಲ್ಲಿ ದನ ಅಟ್ಟಿದವ ನಾನು, ಈ ಗಿಡ ಕಂಡದ್ದೇ ಇಲ್ಲ ಮಾರಾಯ್ರೆ, ನಿಮ್ಮ ಕನ್ನಡಕ ಎಲ್ಲಿ ಮಾಡಿಸಿದ್ದು, ನನಗೂ ಒಂದು ಮಾಡಿಸುವ, ಕೋರೆಗೆ ಗುಡ್ಡೆ ಕೊಡಹೊರಟ ಯಜಮಾನ ಹೇಮರಾಜ ಕೊಡೆಯಡಿ ನಿಂತು ನಗುತ್ತಾನೆ, ದನದ ಬಾಲ ನೋಡಿಕೊಂಡು ನಡೆದವನಿಗೆ ಗಿಡ ಕಾಣ್ತದಾ ಹೇಮರಾಜಾ, ಅಂದಳು — ಕೋರೆಯ ಒಪ್ಪಿಗೆಗೆ ಮೊದಲು ಗಿಡಗಳ ಪಟ್ಟಿ ಮಾಡಲು ಬಂದ ಶಶಿಕಿರಣ ಮಾತ್ರ ನಗಲಿಲ್ಲ, ವಾಮದಪದವಿನ ಶಾಲೆಯಲ್ಲಿ ತನ್ನ ಕ್ಲಾಸಿನ ಮೊದಲ ಬೆಂಚಿನವ, ಗಂಟಿಗೆ ಮೂರು ಎಲೆ, ಬಿಳಿ ಹೂ, ಕೆಂಪು ತೊಟ್ಟು, ಸರ್ಪಗಂಧವೇ ಟೀಚರ್, ಸಂಶಯ ಇಲ್ಲ, ಎದೆಯಲ್ಲೊಂದು ತಂಪು, ಬರೆ ಮಗಾ, ಬೇಗ ಬರೆ, ಆದರೆ ಪೆನ್ನಿನ ಮುಚ್ಚಳ ತೆಗೆಯದೆ ಕುಕ್ಕುರುಗಾಲಲ್ಲಿ ಕೂತುಬಿಟ್ಟ, ಎಲೆ ಹೆಸರು ಹೇಳ್ತದೆ ಮಕ್ಕಳೇ, ಅದರ ಊರು ಗೊತ್ತಾಗಬೇಕಾದರೆ ಬುಡದ ಮಣ್ಣು ಮುಟ್ಟಿ ನೋಡಿ, ಆರನೇ ಕ್ಲಾಸಿನಲ್ಲಿ ತಾನೇ ಹೇಳಿದ್ದು, ಎಷ್ಟೋ ಮಕ್ಕಳು ಮರೆತರು, ಇವನೊಬ್ಬನಿಗೆ ಮರೆಯಬಾರದಿತ್ತೇ, ಅವನ ಬೆರಳು ಒಂದೊಂದೇ ಬುಡದ ತರಗೆಲೆ ಸರಿಸುತ್ತದೆ, ಮರವೇ ಇಲ್ಲದ ಗುಡ್ಡೆಯಲ್ಲಿ ತರಗೆಲೆ, ಬೆರಳು ನಿಂತಿತು, ತಲೆಯೆತ್ತದೆ, ಹೇಮರಾಜನಿಗೆ ಕೇಳಿಸದಷ್ಟು ಮೆಲ್ಲಗೆ, ಟೀಚರ್, ಇದು ಇಲ್ಲಿಯದ್ದೇ ಅಂತ ನೀವು ಹೇಳಿದರೆ ನಾನು ಬರೀತೇನೆ, ನೀವು ಹೇಳಬೇಕು — ಹೌದು ಅನ್ನು, ಒಂದು ಶಬ್ದ, ಬಾವಿ, ಒರತೆ, ಹೌದು, ನಾಲಿಗೆಯ ಮೇಲೆ ಉಂಟು, ಕಣ್ಣು ಮಾತ್ರ ಅಲ್ಲಿಂದ ಏಳುವುದಿಲ್ಲ, ಕೆಂಪು ಮಣ್ಣಿನ ನಡುವೆ, ಬುಟ್ಟಿಯ ಬಾಯಿಯಷ್ಟು ಅಗಲ, ದುಂಡಗೆ, ಕಪ್ಪು. ಅದರಾಚೆ ಇನ್ನೊಂದು. ಅದರಾಚೆ ಇನ್ನೊಂದು. ಸಾಲಾಗಿ.