ಗ್ಯಾದರಿಂಗಿಗೊಂದು ಮಾತಿಲ್ಲದ ಹಾಡು

“ಮಾತ ಇರಬಾರದ್ರಿ ಅಕ್ಕೋರ. ಹೋದ ವರ್ಷದ ಹಾಡಿನ ಅರ್ಥ ಪಾಲಕರು ನನಗ ಬಿಡಿಸಿ ಹೇಳಿ ಹೋದ್ರು. ಈ ಸಲ ಬರೇ ಧಡ್ ಧಡ್ ಇರಲಿ,” ಎಂದರು ಹೆಡ್‌ಮಾಸ್ತರ್ ಮಲಕಾಜಪ್ಪ.

(ಕಥೆ ಇಲ್ಲಿಂದಲೇ ಶುರುವಾಗಬೇಕೇ? ಮೊದಲ ಡ್ರಾಫ್ಟಿನಲ್ಲಿ ಬನಹಟ್ಟಿಯ ಬೆಳಗಿನ ವರ್ಣನೆಯಿತ್ತು. ಓದಿ ನನಗೇ ಆಕಳಿಕೆ ಬಂತು, ಹರಿದೆ. ಹೆಡ್‌ಮಾಸ್ತರರೇ ವಾಸಿ.)

೧
ಆ ‘ಅಕ್ಕೋರು’ ಶ್ರೀದೇವಿ, ಏಳನೆಯ ತರಗತಿಯ ಟೀಚರು. ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಇನ್ನು ಆರು ದಿನ. ಅವಳ ಹಳೆಯ ವಿದ್ಯಾರ್ಥಿ, ಡಿಜೆ ವೀರೇಶ, ಇಡಿಎಂ ಎಂಬ ಮಾತಿಲ್ಲದ ಕುಣಿತದ ಟ್ರ್ಯಾಕುಗಳನ್ನು ಮೊಬೈಲಿಗೆ ಕಳಿಸಿದ್ದ. ಅಡುಗೆಮನೆಯಲ್ಲಿ ಕೂತು ಕೇಳಿದಳು. ಒಂದರಲ್ಲಿ ಯಾವಳೋ ನರಳುತ್ತಿದ್ದಳು. ರದ್ದು. ಎರಡನೆಯದರಲ್ಲಿ ಗುಂಡಿನ ಸದ್ದು. ರದ್ದು. ಮೂರನೆಯದು ಸಪ್ಪೆ. ನಾಲ್ಕನೆಯದು ಸ್ವಚ್ಛ: ಬೀಟು ಏರುತ್ತ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತದೆ, ಮೂರು ಎಣಿಸುವಷ್ಟು ಮೌನ, ಆಮೇಲೆ ಧಡ್!

ಆ ಮೌನದಲ್ಲಿ ತಾಯಿ ಅನ್ನವ್ವ ಎದ್ದು ಚಹಾ ಇಟ್ಟಳು.

೨
(ನೇಕಾರರ ಓಣಿಯವರು ಇದನ್ನು ದಾಟಿ ಮುಂದೆ ಹೋಗಬಹುದು.) ಹತ್ತು ಮಗ್ಗ ಒಟ್ಟಿಗೆ ಓಡುತ್ತಿದ್ದರೂ ಮನೆಯಾಕೆಗೆ ಗಂಡನ ಮಗ್ಗ ಬೇರೆಯಾಗಿಯೇ ಕೇಳುತ್ತದೆ. ಅದು ನಿಂತರೆ ಅವನು ಚಹಾಕ್ಕೆ ಎದ್ದ ಎಂದರ್ಥ. ಅನ್ನವ್ವ ಮೂವತ್ತು ವರ್ಷ ಹಾಗೇ ಚಹಾ ಇಟ್ಟವಳು. ಗಂಡ ವಿಠೋಬಾ ತೀರಿ ಎರಡು ವರ್ಷ. ಮಗ್ಗ ಗುಜರಿಗೆ ಹೋಗಿ ಒಂದು.

“ಯಾರಿಗಿ ಬೇ ಚಾ?” ಎಂದಳು ಶ್ರೀದೇವಿ.

“ನಿಮ್ಮಪ್ಪ ಎದ್ದ ನೋಡು. ಕಿವಿ ಕೇಳಂಗಿಲ್ಲೇನ ನಿನಗ?”

ಶ್ರೀದೇವಿ ಫೋನು ಹಚ್ಚಿದಳು. “ಲೇ ವೀರೇಶ, ನಾಲ್ಕನೇದ್ರಾಗ ನಮ್ಮ ಓಣಿ ಮಗ್ಗದ ಸೌಂಡ್ ಹಾಕೀಯೇನ?”

“ನಾಲ್ಕನೇದ? ನಾ ಕಳಿಸಿದ್ದ ಮೂರ ಅದಾವಲ್ರೀ ಅಕ್ಕೋರ.”

೩
(ವೀರೇಶನಿಗೆ ಲೆಕ್ಕ ಬರುವುದಿಲ್ಲ ಎಂದು ಬರೆದು ಪಾರಾಗಲು ನೋಡಿದೆ. ಶ್ರೀದೇವಿ ಕಾಗದದಿಂದ ತಲೆ ಎತ್ತಿದಳು.)

“ಬರಿಯೋರ, ನೀವು ಬರದು ಕೈ ತೊಳಕೋತೀರಿ. ಇಲ್ಲಿ ನಮ್ಮವ್ವ ಎರಡು ದಿನದಿಂದ ಅನ್ನ ಮುಟ್ಟಿಲ್ಲ. ‘ಅದನ್ನ ಹಚ್ಚು, ಅವ ಬಂದಮ್ಯಾಲ ಉಣತೀನಿ’ ಅಂತಾಳ. ಮೈದಾನದಾಗ ದೊಡ್ಡ ಸ್ಪೀಕರಿನ್ಯಾಗ ಇದು ಬಡದ್ರ, ಅಕಿ ನನ್ನ ಕೂಡ ಮನಿಗಿ ಬರ್ತಾಳೇನ್ರಿ?”

“ಹಂಗಾದ್ರ ಅಳಿಸಿಬಿಡವಾ,” ಎಂದೆ.

“ಅಳಿಸಿದ್ರ ಅಪ್ಪನ್ನ ಎರಡನೇ ಸಲ ಮಣ್ಣ ಮಾಡಿದಂಗಲ್ಲೇನ್ರಿ?”

(ನನ್ನ ಬಳಿ ಎರಡು ಅಂತ್ಯಗಳಿದ್ದವು.)

ಅಂತ್ಯ ಅ: ಟ್ರ್ಯಾಕು ಬಾರಿಸುತ್ತಾಳೆ. ಮಕ್ಕಳು ಕುಣಿಯುತ್ತಾರೆ, ಅನ್ನವ್ವ ಕಣ್ಣೊರೆಸಿಕೊಳ್ಳುತ್ತಾಳೆ, ಚಪ್ಪಾಳೆ. (ಇದಕ್ಕೆ ಸ್ಪರ್ಧೆಯಲ್ಲಿ ಬಹುಮಾನ ಬಂದೀತು. ಅದಕ್ಕೇ ಬೇಡ.)

ಅಂತ್ಯ ಆ: ಅಳಿಸುತ್ತಾಳೆ. ನನ್ನನ್ನು ಕೇಳದೆ ಶ್ರೀದೇವಿ ಇದನ್ನೇ ಆರಿಸಿಕೊಂಡಳು. ಅಂದು ಸಂಜೆ ಅನ್ನವ್ವ ಅರ್ಧ ರೊಟ್ಟಿ ತಿಂದಳು. ಕಥೆ ಮುಗಿಯಬೇಕಿತ್ತು.

೫
(ನಾಲ್ಕನೆಯದನ್ನು ಬೇಕೆಂದೇ ಬಿಟ್ಟಿದ್ದೇನೆ.) ಮರುದಿನ ಮಧ್ಯಾಹ್ನ ಪ್ರಾಕ್ಟೀಸು. ಆ ಸಪ್ಪೆ ಮೂರನೆಯದೇ ಗತಿಯಾಯಿತು. ಎಲ್ಲೂ ನಿಲ್ಲದ ಟ್ರ್ಯಾಕು. ಅಳಿಸಿದ ನಾಲ್ಕನೆಯದನ್ನು ಮಕ್ಕಳು ಕೇಳಿಯೇ ಇರಲಿಲ್ಲ. ಇಪ್ಪತ್ತು ಹುಡುಗಿಯರು ಕುಣಿಯುತ್ತ ಕುಣಿಯುತ್ತ, ನಟ್ಟನಡುವೆ, ಒಟ್ಟಿಗೇ ನಿಂತುಬಿಟ್ಟರು.

“ಪೂನಮ್, ಯಾಕ ನಿಂತ್ರಿ ಎಲ್ಲಾರೂ?”

“ಹಾಡ ನಿಂತತಲ್ರೀ ಅಕ್ಕೋರ.”

ಸ್ಪೀಕರು ಬಡಿದುಕೊಳ್ಳುತ್ತಲೇ ಇತ್ತು. ಶ್ರೀದೇವಿ ಬಾಗಿ ಪ್ಲಗ್ಗು ಕಿತ್ತಳು. ಮುಂದಿನ ಸಾಲಿನ ಪೂನಮ್ ಎಡಗಾಲು ಎತ್ತಿದಳು. ಹಿಂದಿನವರೂ ಎತ್ತಿದರು. ಆ ಧಡ್‌ಗೆ ಕಾಯುತ್ತ, ಇನ್ನೂ ಯಾರೂ ಇಳಿಸಿಲ್ಲ.