ಲಕೋಟೆಯ ಮೇಲಿನ ಹೆಬ್ಬೆಟ್ಟು

ಮೇಜು ಕುಟ್ಟಿ ಕುಟ್ಟಿ ಅಂಗೈ ಇನ್ನೂ ಉರಿಯುತ್ತಿದೆ, ಗಂಟೆಯಾಯಿತು, ಉರಿ ಹೋಗಿಲ್ಲ, ನಮ್ಮ ಪಕ್ಷದಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ನಾಯಕ ಒಳಗೆ ಬಂದರೆ ಮೇಜು ಕುಟ್ಟುತ್ತೇವೆ, ಅವನನ್ನು ಉರುಳಿಸಲೆಂದೇ ಬಂದವರು ಇನ್ನೂ ಜೋರಾಗಿ ಕುಟ್ಟುತ್ತಾರೆ, ಮತ್ತೆ ನಾನು ಎಲ್ಲರಿಗಿಂತ ಜೋರು — ಯಾಕೆ ಗ್ವೆಂಡಾ, ಯಾರಿಗೆ ಕೇಳಲಿ ಅಂತ? ಸಾಲು ಎರಡು ಹೆಜ್ಜೆ ಸರಿಯಿತು. ಮುಂದೆ ಹದಿನೇಳು ಜನ, ಅಲ್ಲ, ಹದಿನಾರು, ಎಲ್ಲರೂ ಪಾರ್ಲಿಮೆಂಟಿನ ಸದಸ್ಯರು, ಎಲ್ಲರೂ ಶಾಲೆಯ ಮಕ್ಕಳಂತೆ ಗೋಡೆಗೆ ಒರಗಿಕೊಂಡು, ಫೋನುಗಳನ್ನು ಬಾಗಿಲಲ್ಲೇ ಕಿತ್ತುಕೊಂಡಿದ್ದಾರೆ, ಚೀಟಿಯ ಫೋಟೋ ತೆಗೆದು ಯಾರಿಗೂ ತೋರಿಸಬಾರದಂತೆ, ನಂಬಿಕೆ ಅಂದರೆ ಇದು ನೋಡಿ. ಒಳಗೆ ಒಂದು ಚೀಟಿ, ಪ್ರಧಾನಿಯಲ್ಲಿ ವಿಶ್ವಾಸ ಇದೆ, ವಿಶ್ವಾಸ ಇಲ್ಲ, ಎರಡರಲ್ಲಿ ಒಂದರ ಎದುರು ಪೆನ್ಸಿಲಿನಿಂದ ಕತ್ತರಿ ಗುರುತು, ಕಪ್ಪು ತಗಡಿನ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು, ಯಾರ ಹೆಸರೂ ಇರುವುದಿಲ್ಲ. ಫೋನ್ ಕೊಡುವ ಮುಂಚೆ ಅಣ್ಣ ಕ್ಲಿಫ್‌ನ ಸಂದೇಶ ಬಂದಿತ್ತು, ಇವತ್ತು ಮಾಡಿ ಮುಗಿಸು ಗ್ವೆನ್, ಮಾತು ಕೊಟ್ಟಿದ್ದೀಯ. ಕೊಟ್ಟಿದ್ದೇನೆ. ಬೆಳಿಗ್ಗೆ ಲಯನೆಲ್‌ಗೂ ಕೊಟ್ಟಿದ್ದೇನೆ, ದೇಶದ ಪ್ರಧಾನಿ ತಾನೇ ಫೋನ್ ಮಾಡಿ ನೀನು ನನ್ನ ಕಡೆ ಅಲ್ವಾ ಗ್ವೆನ್ ಅಂದಾಗ ಏನು ಹೇಳಬೇಕಿತ್ತು, ಹೂಂ ಅಂದೆ, ಎರಡು ದೋಣಿಯಲ್ಲಿ ಕಾಲಿಟ್ಟವರು ಏನಾಗುತ್ತಾರೆಂದು ಬೆಸ್ತರ ಮನೆಯ ಮಗಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಜುಲೈ ಅದು, ಕ್ಲಿಫ್‌ನ ಅಡುಗೆಮನೆ, ಕಿಟಕಿಯಾಚೆ ಬಂದರು, ಅಮ್ಮನ ಹೆಸರಿಟ್ಟ ಅವನ ದೋಣಿ ಡೊರೊತಿ ನೀರಿನಲ್ಲಿ ಓಲಾಡುತ್ತಿತ್ತು. ಒಂದೂವರೆ ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದವನು ಅಂದು ಊಟಕ್ಕೆ ಕರೆದಿದ್ದ, ಹುರಿದ ಮೀನು, ಬಟಾಣಿ, ನನಗೆಂದು ವಿನಿಗರ್ ಜಾಸ್ತಿ, ಮರೆತಿರಲಿಲ್ಲ. ಊಟ ಮುಗಿದ ಮೇಲೆ ಕಾಗದ ತಂದಿಟ್ಟ. ನೋಡು, ನಿನ್ನ ಲಯನೆಲ್ ಯುರೋಪ್ ಒಕ್ಕೂಟದ ಜೊತೆ ಮಾಡ್ಕೊಂಡಿರೋ ಒಪ್ಪಂದ, ಬಿಟ್ಟು ಬಂದ್ವಿ ಅಂತ ಹೆಸರಿಗೆ, ಇನ್ನೂ ಎರಡು ವರ್ಷ ಅವರ ಹಡಗುಗಳೇ ನಮ್ಮ ನೀರಲ್ಲಿ, ಎರಡು ವರ್ಷ ನಾನೇನು ಗಾಳಿ ಹಿಡಿದು ಮಾರ್ಲಾ? ಅವನು ಉಳಿದ್ರೆ ಡೊರೊತಿ ಹೋಗ್ತಾಳೆ, ಜನವರೀಲಿ ಡೆನ್ಮಾರ್ಕಿನವನು ಬರ್ತಾನಂತೆ ದೋಣಿ ಕೊಳ್ಳೋಕೆ. ಬರಿಯೇ, ಬರಿ, ನಿಮ್ಮ ಪಾರ್ಟೀಲಿ ನಲವತ್ತೆಂಟು ಜನ ಪತ್ರ ಬರೆದ್ರೆ ಮತಕ್ಕೆ ಹಾಕ್ಲೇಬೇಕಂತಲ್ಲ. ನನಗೆ ಸಿಟ್ಟಿತ್ತು, ಲಯನೆಲ್ ಮೇಲೆ ನಿಜವಾಗಿಯೂ ಸಿಟ್ಟಿತ್ತು, ಆದರೆ ನಾನು ಬರೆದದ್ದು ಸಿಟ್ಟಿಗಲ್ಲ, ಮುಂದಿನ ಭಾನುವಾರವೂ ಅಣ್ಣ ಊಟಕ್ಕೆ ಕರೆಯಲಿ ಎಂಬ ಆಸೆಗೆ, ಇದನ್ನು ಯಾವ ಪತ್ರಕರ್ತನಿಗೆ ಹೇಳಲಿ. ಪ್ರಧಾನಿಯವರಲ್ಲಿ ನನಗೆ ವಿಶ್ವಾಸ ಉಳಿದಿಲ್ಲ, ಒಂದೇ ಸಾಲು, ಸಹಿ. ಲಕೋಟೆಯನ್ನು ಕ್ಲಿಫ್ ತಾನೇ ಕಸಿದು ನಾಲಿಗೆಗೆ ತಾಗಿಸಿ ಅಂಟಿಸಿದ, ಎಂಜಿನ್ ಬಿಚ್ಚಿ ಬಂದ ಕೈ, ಬಿಳಿ ಕಾಗದದ ಮೇಲೆ ಹೆಬ್ಬೆಟ್ಟು ಮೂಡಿತು, ಕಪ್ಪಗೆ, ನಡುವೆ ಒಂದು ಅಡ್ಡಗೆರೆ — ಹತ್ತೊಂಬತ್ತನೇ ವಯಸ್ಸಿನಲ್ಲಿ ಬಲೆ ಎಳೆಯುವ ಹಗ್ಗ ಕೊಯ್ದದ್ದು. ಬೇರೆ ಲಕೋಟೆ ಕೊಡೋ ಅಂದೆ. ಇರೋದು ಇದೊಂದೇ, ಪ್ರಧಾನಿನ ಇಳಿಸೋಕೆ ರೇಷ್ಮೆ ಕಾಗದ ಬೇಕಾ ಮಹಾರಾಣಿಗೆ? ನಕ್ಕೆವು. ಎಷ್ಟು ದಿನದ ಮೇಲೆ ನಕ್ಕೆವು.

ಮತ್ತೆ ಸರಿಯಿತು ಸಾಲು, ಹನ್ನೊಂದು ಜನ. ಮುಂದಿನವನು ಕೆಮ್ಮುತ್ತಾನೆ, ಪುದೀನ ಗುಳಿಗೆ ಬೇಕಾ ಅಂತ ತಿರುಗಿ ಕೇಳುತ್ತಾನೆ, ಬೇಡ ಅಂದೆ, ಯಾರಿಗೆ ಹಾಕ್ತೀಯ ಅಂತ ಕೇಳದೆ ಎಲ್ಲರೂ ಕೇಳುತ್ತಿದ್ದಾರೆ. ಆ ಪತ್ರ ಸರ್ ಡೆಸ್ಮಂಡ್‌ರ ಕೈಗೆ ಕೊಟ್ಟದ್ದು ಸೋಮವಾರ, ಪಕ್ಷದಲ್ಲಿ ಮಂತ್ರಿಗಳಲ್ಲದ ಸದಸ್ಯರ ಸಮಿತಿಯ ಅಧ್ಯಕ್ಷ ಅವರು, ಪತ್ರಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಎಷ್ಟು ಬಂತೆಂದು ಹೆಂಡತಿಗೂ ಹೇಳದ ಮನುಷ್ಯ. ಗುರುವಾರದ ಹೊತ್ತಿಗೆ ನನ್ನ ನಿದ್ದೆ ಹಾರಿಹೋಗಿತ್ತು. ಒಮ್ಮೆ ಕೊಟ್ಟ ಪತ್ರ ಹಳಸುವುದಿಲ್ಲ, ವರ್ಷವಾದರೂ ಎಣಿಕೆಯಲ್ಲೇ ಇರುತ್ತದೆ, ವಾಪಸ್ ಬೇಕಾದರೆ ಮತ್ತೆ ಬರೆದು ಕೊಡಬೇಕು. ಬರೆದೆ. ಅಕ್ಟೋಬರಿನಲ್ಲಿ ಪಾರ್ಲಿಮೆಂಟಿನ ಊಟದ ಕೋಣೆಗೆ ತೆಗೆದುಕೊಂಡು ಹೋದೆ, ಸರ್ ಡೆಸ್ಮಂಡ್ ಸೂಪ್ ಕುಡಿಯುತ್ತಿದ್ದರು, ಸುತ್ತ ಆರು ಜನ, ಬಾಮ್ಮ ಗ್ವೆಂಡಾ, ಏನು ಸಮಾಚಾರ? ಎಲ್ಲರ ಕಣ್ಣು ನನ್ನ ಕೈಚೀಲದ ಮೇಲೆ, ಅವರ ಹತ್ತಿರ ಯಾರು ಹೋದರೂ ಪತ್ರ ಕೊಡಲು ಹೋದರು ಎಂದೇ ಲೆಕ್ಕ, ವಾಪಸ್ ಕೇಳಲು ಹೋದರೂ ಅದೇ ಲೆಕ್ಕ. ನಿಮ್ಮ ತೋಟದಲ್ಲಿ ಲೀಕ್ಸ್ ತರಕಾರಿ ಹೇಗೆ ಬಂದಿದೆ ಸರ್ ಅಂದೆ. ಇಪ್ಪತ್ತು ನಿಮಿಷ ಹೇಳಿದರು. ಆ ಎರಡನೇ ಪತ್ರ ಈಗಲೂ ಚೀಲದ ಒಳಜೇಬಿನಲ್ಲಿದೆ, ಮಡಿಕೆಯಲ್ಲಿ ಹರಿದಿದೆ. ಹೇಡಿ ನೀನು, ಗ್ವೆಂಡಾ, ಬೇರೆ ಪದ ಇಲ್ಲ.

ನನ್ನ ಗಂಡ ಟ್ರೆವರ್‌ನನ್ನು ಮಣ್ಣು ಮಾಡಿ ಬಂದ ದಿನ ಲಯನೆಲ್ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದರು, ಆಗ ಮೀನುಗಾರಿಕೆಯ ಮಂತ್ರಿ, ಸಂತಾಪ ಹೇಳಿ ಹೋಗುತ್ತಾರೆಂದುಕೊಂಡರೆ ಕೋಟು ಬಿಚ್ಚಿ ತೋಳು ಮಡಚಿ ನನ್ನ ಅಡುಗೆಮನೆಯಲ್ಲಿ ಪಾತ್ರೆಗೆ ನಿಂತರು, ನೀನು ಕೂತ್ಕೋ, ಗಂಡನ್ನ ಮಣ್ಣು ಮಾಡಿದ ದಿನವೂ ಹೆಂಗಸು ತಟ್ಟೆ ತೊಳೀಬೇಕು ಅಂತ ಯಾವ ಕಾನೂನೂ ಇಲ್ಲ. ಅವರು ತೊಳೆದರು, ಕ್ಲಿಫ್ ಒರೆಸಿದ, ಕ್ಲಿಫ್ ಒರೆಸಿದ ತಟ್ಟೆಯ ಮೇಲೆಲ್ಲ ಎಂಜಿನ್ ಎಣ್ಣೆಯ ಹೆಬ್ಬೆಟ್ಟು. ಲಯನೆಲ್ ಒಂದು ತಟ್ಟೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಕ್ಲಿಫ್, ಇದು ಒರೆಸೋದಲ್ಲಪ್ಪಾ, ರುಜು ಹಾಕೋದು, ಇದೇನು ನಡುವೆ ಗೆರೆ? ಕ್ಲಿಫ್ ಹಗ್ಗದ ಕಥೆ ಹೇಳಿದ, ಇಬ್ಬರೂ ನಕ್ಕರು, ಒಂಬತ್ತು ದಿನದಲ್ಲಿ ಮೊದಲ ಸಲ ನಾನೂ ನಕ್ಕೆ. ಅದನ್ನೆಲ್ಲ ಯಾಕೆ ಈಗ — ಯಾಕೆಂದರೆ ಸರ್ ಡೆಸ್ಮಂಡ್, ಗುಟ್ಟಿನ ಬೀರುವಿನ ಸರ್ ಡೆಸ್ಮಂಡ್, ಇಂದು ಸಭೆಯಲ್ಲಿ ತಮಾಷೆ ಮಾಡಿಬಿಟ್ಟರು. ನಲವತ್ತೆಂಟು ಮುಟ್ಟಿದೆ, ಹೆಸರು ಕೇಳಬೇಡಿ, ಸತ್ತರೂ ಹೇಳಲ್ಲ, ಆದ್ರೆ ಒಂದು ಲಕೋಟೆ ಡೀಸೆಲ್ ವಾಸನೆ ಹೊಡೀತಿತ್ತು ಕಣ್ರಪ್ಪಾ, ಮೇಲೆ ಕಪ್ಪು ಹೆಬ್ಬೆಟ್ಟು, ನಡುವೆ ಗದ್ದೆ ಬದುವಿನ ಹಾಗೆ ಒಂದು ಗೆರೆ, ನಮ್ಮಲ್ಲೂ ಕೈಕೆಸರು ಮಾಡ್ಕೊಳ್ಳೋರು ಒಬ್ಬರಾದ್ರೂ ಇದ್ದಾರಲ್ಲ ಅಂತ ಖುಷಿಯಾಯ್ತು. ಮುನ್ನೂರು ಜನ ಗೊಳ್ಳೆಂದು ನಕ್ಕರು. ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ. ಲಯನೆಲ್ ಕೂಡ ನಗುತ್ತಿದ್ದರು, ನೀರಿನ ಲೋಟ ತುಟಿಯ ಹತ್ತಿರ, ಲೋಟ ಅಲ್ಲೇ ನಿಂತಿತು, ಕಣ್ಣು ನನ್ನನ್ನು ಹುಡುಕಲಿಲ್ಲ, ಅದೇ, ಹುಡುಕಲಿಲ್ಲ, ಎಲ್ಲರನ್ನೂ ನೋಡಿ ನನ್ನೊಬ್ಬಳನ್ನು ಬಿಟ್ಟರು. ಆಗ ನಾನು ಮೇಜು ಕುಟ್ಟಿದೆ.

ಮೂರು ಜನ, ಇಬ್ಬರು, ಗುರುತಿನ ಚೀಟಿ ತೋರಿಸಿ ಮೇಡಂ, ನಿಮ್ಮ ಮತಪತ್ರ. ಪೆನ್ಸಿಲ್ ಮೊಂಡಾಗಿದೆ. ಲಯನೆಲ್ ಹೋದರೆ ಬರುವವನು ಡೊರೊತಿಯನ್ನು ಉಳಿಸುತ್ತಾನೆಯೇ, ಸಾಲಿನಲ್ಲಿ ಅರ್ಧ ಜನಕ್ಕೆ ಕಾಡ್ ಮೀನು ಯಾವುದು ಹ್ಯಾಡಕ್ ಮೀನು ಯಾವುದು ಗೊತ್ತಿಲ್ಲ, ಆದರೆ ಕ್ಲಿಫ್‌ಗೆ ಬೇಕಿರುವುದು ಅದೊಂದೇ, ಯಾರಾದರೂ ಇಳಿಯಬೇಕು, ಅವನ ಪರವಾಗಿ ಒಬ್ಬರಾದರೂ ಏನಾದರೂ ಮಾಡಬೇಕು, ನನ್ನ ತಂಗಿ ಮಾಡಿದಳು ಎನ್ನಬೇಕು — ಪೆನ್ಸಿಲ್ ಕೆಳಗಿನ ಸಾಲಿಗೆ ಹೋಯಿತು, ಮೊನೆ ತಾಗಿತು, ಒಂದು ಚುಕ್ಕೆ — ಮೇಲೆ ತಂದೆ, ವಿಶ್ವಾಸ ಇದೆ, ಕತ್ತರಿ ಗುರುತು, ಮಡಚಿದೆ, ಹಾಕಿದೆ, ತಗಡಿಗೆ ಬಿದ್ದ ಸದ್ದೂ ಬರಲಿಲ್ಲ. ಆ ಕಡೆಯ ಬಾಗಿಲಲ್ಲಿ ಲಯನೆಲ್ ನಿಂತಿದ್ದಾರೆ, ಹೊರಬರುವ ಒಬ್ಬೊಬ್ಬರ ಕೈ ಕುಲುಕುತ್ತಿದ್ದಾರೆ, ನಿಮಗೇ ಹಾಕಿದೆ ಸರ್, ನಿಮಗೇ ಹಾಕಿದೆ ಲಯನೆಲ್, ಎಲ್ಲರೂ ಅದನ್ನೇ ಹೇಳುತ್ತಾ ಹೋಗುತ್ತಿದ್ದಾರೆ, ಅವರು ತಲೆಯಾಡಿಸುತ್ತಿದ್ದಾರೆ, ನನ್ನ ಸರದಿ ಬಂದಾಗ ನನ್ನ ಬಾಯಲ್ಲಿದ್ದದ್ದೂ ಅದೇ ಮಾತು, ನಿಜವಾದ ಮಾತು, ಎಲ್ಲರ ಸುಳ್ಳಿನ ಹಾಗೇ ಇದೆ, ಒಂದಕ್ಷರ ವ್ಯತ್ಯಾಸ ಇಲ್ಲ, ನುಂಗಿದೆ. ಉರಿಯುತ್ತಿದ್ದ ಅಂಗೈಯನ್ನು ಅವರು ಮೆತ್ತಗೆ ಹಿಡಿದರು. ಕ್ಲಿಫ್ ಹೇಗಿದ್ದಾನೆ, ಗ್ವೆನ್? ಚೆನ್ನಾಗಿದ್ದಾನೆ. ಕೇಳಿದೆ ಅಂತ ಹೇಳು. ಅಷ್ಟೇ, ಬೈಗುಳವಿಲ್ಲ, ಮುನಿಸಿಲ್ಲ, ಆಗಲೇ ನನ್ನ ಹಿಂದಿನವನ ಕೈ ಹಿಡಿದಿದ್ದರು. ಫೋನ್ ವಾಪಸ್ ಕೊಟ್ಟರು, ಕ್ಲಿಫ್‌ನ ಸಂದೇಶ, ಆಯ್ತಾ? ಆಯ್ತು ಎಂದು ಒತ್ತುತ್ತೇನೆ, ಕಳಿಸುವುದಿಲ್ಲ, ಅಳಿಸುತ್ತೇನೆ, ಮತ್ತೆ ಒತ್ತುತ್ತೇನೆ, ಮುಂದಿನ ಭಾನುವಾರ, ಡೆನ್ಮಾರ್ಕಿನವನು, ಲಯನೆಲ್ ಆ ತಟ್ಟೆಯನ್ನು ಮತ್ತೆ ನೀರಿಗೆ ಹಾಕಿದರೇ, ತೊಳೆದರೇ, ನೆನಪಾಗುತ್ತಿಲ್ಲ, ಬಿಳಿ ತಟ್ಟೆ, ಕಿಟಕಿಯ ಬೆಳಕು, ಕಪ್ಪು ಹೆಬ್ಬೆಟ್ಟು, ನಡುವೆ ಅಡ್ಡಗೆರೆ