ಲೈನಿನಲ್ಲಿ ಪೊಕುವಾ ಆಂಟಿ

ಪಕ್ಷದ ಚೇರ್ಮನ್ ಅಪ್ರಾಕು ಬಲತುದಿಯ ಕುರ್ಚಿಯಿಂದ ಶುರುಮಾಡಿ ಒಬ್ಬೊಬ್ಬರ ಕೈ ಕುಲುಕುತ್ತ ಸತ್ತವನ ಮಗಳ ತನಕ ಬಂದಾಗ, ಸೆರ್ವಾ ತನ್ನ ಕೈಯನ್ನು ಕಪ್ಪು ಬಟ್ಟೆಯ ಮಡಿಕೆಯಲ್ಲಿ ಅವಿತಿಟ್ಟಳು. ಆತ ಅವಳ ಮೊಣಕೈಯನ್ನೇ ಹಿಡಿದು ಕುಲುಕಿ ಮುಂದೆ ಸರಿದ. ಅವನ ಬೆವರು ಅಂಟಿದ ಜಾಗವನ್ನು ಅವಳು ಕುರ್ಚಿಯ ಬೆನ್ನಿಗೆ ಉಜ್ಜಿಕೊಂಡಳು. ಇದು ನಿಜವಾಗಿ ನಡೆದದ್ದು; ರೇಡಿಯೊದಲ್ಲಿ ಬಂದದ್ದಲ್ಲ.

ರೇಡಿಯೊದಲ್ಲಿ ಬಂದದ್ದೇ ಬೇರೆ. ಬೆಳಿಗ್ಗೆ ಸಾವಿನ ಪ್ರಕಟಣೆಗಳ ಹೊತ್ತಿಗೆ ಊರಿನ ಎಫ್‌ಎಂ ಓದಿತ್ತು: "ದರ್ಜಿ ಕ್ವಾದ್ವೊ ಬಾದು ಅವರು, ಚೇರ್ಮನ್ನರ ಶ್ರಮದಿಂದ ಎದ್ದ ಹೊಸ ಆಸ್ಪತ್ರೆಯಲ್ಲಿ, ವೈದ್ಯರ ಉತ್ತಮ ಆರೈಕೆಯ ನಡುವೆ, ಶಾಂತವಾಗಿ ಕೊನೆಯುಸಿರೆಳೆದರು."

ಶಾಮಿಯಾನದ ಕಂಬಕ್ಕೆ ಮೈಕು ಕಟ್ಟುತ್ತಿದ್ದ ನಿರೂಪಕ ಕೋಬಿಯ ಬಳಿಗೆ ಸೆರ್ವಾ ಹೋದಳು.

"ಕೋಬಿ ಅಣ್ಣ, ಮಣ್ಣು ಮಾಡೋಕೆ ಮುಂಚೆ ಅದನ್ನ ತಿದ್ದಿ ಓದು. ಅಪ್ಪ ಆಸ್ಪತ್ರೆ ಒಳಗೆ ಕಾಲೇ ಇಟ್ಟಿಲ್ಲ. ಬೀಗ ಹಾಕಿತ್ತು."

"ಅಯ್ಯೋ ತಂಗಿ, ಸಾವಿನ ಮನೇಲಿ ರಾಜಕೀಯ ಯಾಕಮ್ಮ?"

"ಮತ್ತೆ ನೀನು ಓದಿದ್ದು?"

"ಅದು ಸುದ್ದಿ."

ಅವಳ ಸೋದರಮಾವ ಒಪ್ಪೊಂಗ್ ಪಕ್ಕಕ್ಕೆ ತಿರುಗಿ ಉಗಿದ. "ಸುದ್ದಿಯಂತೆ! ನಿನ್ನ ಸ್ಟೇಷನ್ನಲ್ಲಿ ಟೈಮು ಹೇಳಿದ್ರೂ ನಾನು ಹೊರಗೆ ಬಂದು ಸೂರ್ಯನ್ನ ನೋಡ್ಕೋತೀನಿ ಕಣೋ."

"ಮಾವ, ನನ್ನ ಕೆಲಸ ಕಳೀಬೇಡಿ," ಎಂದು ಕೋಬಿ ಮೈಕಿನ ತಂತಿಗೆ ಇನ್ನೊಂದು ಗಂಟು ಹಾಕಿದ.

*

ಬಾದು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ಬೆಳಗಿನ 'ಜನ ಏನಂತಾರೆ' ಕಾರ್ಯಕ್ರಮ ಶುರುವಾದೊಡನೆ ಮಿಷಿನ್ನು ನಿಲ್ಲಿಸಿ, ಪಕ್ಷದವರು ಕೊಟ್ಟ ನಾಲ್ಕು ಸಿಮ್ಮುಗಳಲ್ಲಿ ಒಂದನ್ನು ಫೋನಿಗೆ ಹಾಕಿ, ಚೇರ್ಮನ್ನನ್ನು ಹೊಗಳಲು ರೇಡಿಯೊಗೆ ಕರೆಮಾಡಿ, ತಾನೇ ಜನ ಆಗುತ್ತಿದ್ದ. ಒಂದು ದಿನ ಕೆಮ್ಮುವ ಕೋಕೋ ರೈತ, ಮಾರನೆಯ ದಿನ ಮೂಗಿನಲ್ಲಿ ಮಾತಾಡುವ ಲಾರಿ ಡ್ರೈವರು. ಎಲ್ಲರಿಗಿಂತ ಹೆಸರಾದವಳು ಸಂತೆಯಲ್ಲಿ ಜೋಳದ ಹಿಟ್ಟಿನ ಕೆಂಕೆ ಉಂಡೆ ಬೇಯಿಸಿ ಮಾರುವ, ಬಾಯಲ್ಲಿ ಹಲ್ಲಿಲ್ಲದ ಪೊಕುವಾ ಆಂಟಿ. ಕೋಬಿಗೆ ಎಲ್ಲ ಗೊತ್ತಿತ್ತು; ಇವತ್ತು ಯಾವ ಧ್ವನಿ ಎಂದು ಮೆಸೇಜು ಕಳಿಸುತ್ತಿದ್ದವನೇ ಅವನು. ಬೀದಿಗೂ ಗೊತ್ತಿತ್ತು. ಗೊತ್ತಿಲ್ಲದವನು ಚೇರ್ಮನ್ ಒಬ್ಬನೇ. ಸಭೆಗಳಲ್ಲಿ ಎದೆಗೆ ಕೈಯಿಟ್ಟು, "ನನ್ನ ಪೊಕುವಾ ಆಂಟಿ ಹೇಳ್ತಾಳೆ..." ಎನ್ನುತ್ತಿದ್ದ.

ಹೊಸ ಆಸ್ಪತ್ರೆಯ ರಿಬ್ಬನ್ ಕತ್ತರಿಸಿದ ದಿನವೇ ಬಾಗಿಲಿಗೆ ಬೀಗ ಬಿತ್ತು. ಮಾರನೆಯ ಬೆಳಿಗ್ಗೆ ಪೊಕುವಾ ಆಂಟಿ ಅಲ್ಲಿ ಒಂದೇ ಇಂಜೆಕ್ಷನ್ನಿಗೆ ಸೊಂಟನೋವು ಕಳೆದುಕೊಂಡಳು.

"ನಾಚಿಕೆ ಆಗಲ್ವಾ ಅಪ್ಪ?"

"ಆಗುತ್ತೆ ಮಗಳೇ. ಅದಕ್ಕೇ ಹೆಂಗಸಿನ ಧ್ವನೀಲಿ ಹೇಳ್ದೆ. ಬಾ, ನಿನಗೂ ಕಲಿಸ್ತೀನಿ. ತುಟಿ ಒಳಗೆ ಎಳ್ಕೋ."

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಅವನಿಗೆ ಎದೆನೋವು ಬಂತು. ಒಪ್ಪೊಂಗ್ ಟ್ಯಾಕ್ಸಿ ತಂದು ಕುಮಾಸಿಯ ದೊಡ್ಡಾಸ್ಪತ್ರೆಯ ಕಡೆ ತಿರುಗಿಸಿದ.

"ಅಷ್ಟು ದೂರ ಬೇಡ ಭಾವ," ಎಂದ ಬಾದು. "ಹೊಸ ಆಸ್ಪತ್ರೆಗೇ ಹೋಗೋಣ. ನಿನ್ನೆ ಒಬ್ಬ ರಿಟೈರ್ಡ್ ಮೇಷ್ಟ್ರು ರೇಡಿಯೊಗೆ ಫೋನ್ ಮಾಡಿದ್ರು. ಡಾಕ್ಟರು ಬಂದಿದಾರಂತೆ."

"ಆ ಮೇಷ್ಟ್ರೂ ನಿನ್ನ ಥರಾನೇ ಇದ್ರೆ, ಅಪ್ಪ?" ಎಂದಳು ಪಕ್ಕದಲ್ಲಿ ಕೂತ ಸೆರ್ವಾ.

"ಧ್ವನಿ ವಿಷಯ ನನಗೇ ಹೇಳ್ತೀಯಾ? ಅದು ನಿಜವಾದ ಧ್ವನಿ."

ಬಾಗಿಲ ಹಿಡಿಯಲ್ಲಿ ರಿಬ್ಬನ್ನಿನ ತುಂಡು ಇನ್ನೂ ನೇತಾಡುತ್ತಿತ್ತು. ಜಗಲಿಯ ತುಂಬ ಆಡಿನ ಹಿಕ್ಕೆ. ಒಪ್ಪೊಂಗ್ ಕಲ್ಲಿನಿಂದ ಬೀಗ ಒಡೆಯುತ್ತಿರುವಾಗಲೇ ಹಿಂದಿನ ಸೀಟಿನಲ್ಲಿ, ಮಗಳ ತೊಡೆಯ ಮೇಲೆ ಬಾದು ಸತ್ತ. ಮೇಷ್ಟ್ರು ಪಕ್ಕದ ಊರಿನ ಪಂಕ್ಚರ್ ಅಂಗಡಿಯವನೆಂದು ಆಮೇಲೆ ತಿಳಿಯಿತು.

*

ಶವಪೆಟ್ಟಿಗೆಯ ಮುಂದೆ ನೇರ ಪ್ರಸಾರ ಶುರುವಾಯಿತು. ಚೇರ್ಮನ್ ಕೋಬಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಬಾದು ಪಕ್ಷದ ಕಣ್ಣು, ಕಿವಿ, ಎದೆಯೆಂದು ಒಂದೊಂದೇ ಅಂಗ ಎಣಿಸುತ್ತಿದ್ದ. "ಕೇಳುಗರು ಈಗ ಫೋನ್ ಮಾಡಬಹುದು," ಎಂದ ಕೋಬಿ. ಫೋನು ರಿಂಗಾಯಿತು, ಧ್ವನಿ ಧ್ವನಿವರ್ಧಕದಲ್ಲಿ ಹೊರಟಿತು.

"ಹಲೋ ಕೋಬೀ... ನಾನಪ್ಪಾ, ಪೊಕುವಾ."

ಕೋಬಿ ಮೊದಲು ಪೆಟ್ಟಿಗೆಯನ್ನು ನೋಡಿದ, ಆಮೇಲೆ ಫೋನನ್ನು. ಕತ್ತರಿಸಲು ಬೆರಳು ಚಾಚಿದ. ಚೇರ್ಮನ್ ಅವನ ಮಣಿಕಟ್ಟು ಹಿಡಿದ.

"ಕಟ್ ಮಾಡ್ತೀಯೇನೋ ಮೂರ್ಖ? ನನ್ನ ಆಂಟಿ ಕಣೋ! ಮಾತಾಡಮ್ಮಾ. ಎಲ್ಲಿದೀಯ?"

"ನಿನ್ನ ಎದುರಿಗೇ ಇದೀನಲ್ಲಪ್ಪಾ. ಪೆಟ್ಟಿಗೇಲಿ. ಬೂಟು ಬೇರೆ ಬಿಗಿ."

ಮುಂದಿನ ಸಾಲಿನ ಒಬ್ಬಳು ಕಿಸಕ್ಕೆಂದಳು. ಅಷ್ಟೇ ಸಾಕಾಯಿತು, ಶೋಕದ ಕೆಂಪು ಕಪ್ಪು ಬಟ್ಟೆಗಳ ಸಾಲುಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. "ನೋಡಿದ್ರಾ ಈ ಮುದುಕೀನ!" ಎಂದು ಚೇರ್ಮನ್ ತೊಡೆ ತಟ್ಟಿಕೊಂಡ. ಶಾಮಿಯಾನದ ಹಿಂದೆ, ಅನ್ನದ ಹಂಡೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತ ಸೆರ್ವಾ ತುಟಿಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು. ಒಪ್ಪೊಂಗ್ ಸೌಟು ಹಿಡಿದು ಕಾವಲು ನಿಂತಿದ್ದ.

"ಸೊಂಟನೋವು ಹೋಯ್ತಲ್ಲಾ ಅಂತ ಎದೆನೋವಿಗೂ ನಿನ್ನ ಆಸ್ಪತ್ರೆಗೇ ಬಂದೆ ಚೇರ್ಮನ್. ಮೂರು ಆಡು ಡ್ಯೂಟೀಲಿದ್ವು. ಒಂದು ನನ್ನ ನಾಡಿ ನೋಡ್ತು, ಇನ್ನೊಂದು ಜಗಲಿ ತುಂಬ ಮಾತ್ರೆ ಹಾಕ್ತು."

ನಗು ಉಕ್ಕಿ, ಅರ್ಧಕ್ಕೆ ನಿಂತಿತು. ಏಕೆಂದರೆ ಮುದುಕಿಯ ಧ್ವನಿ ಒಡೆದು ಒಳಗಿನ ಹುಡುಗಿ ಹೊರಗೆ ಬಂದಿದ್ದಳು.

"ಅಪ್ಪ ಅರ್ಧ ಗಂಟೆ ಒದ್ದಾಡಿದ್ರು. ಬೀಗ ತೆಗೆಯೋಕೆ ಯಾರೂ ಇರಲಿಲ್ಲ. ಸುದ್ದಿ ಇದು, ಕೋಬಿ ಅಣ್ಣ."

ಚೇರ್ಮನ್ ಮಾತ್ರ ನಗುತ್ತಿದ್ದ. ನಿಲ್ಲಿಸಿದರೆ ಅರ್ಥವಾಯಿತೆಂದು ಒಪ್ಪಿಕೊಂಡಂತಾಗುತ್ತಿತ್ತು. ಮೈಕು ಅವನ ಗಲ್ಲಕ್ಕೆ ತಾಗಿಕೊಂಡೇ ಇತ್ತು. ಕುತ್ತಿಗೆಯ ನರ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ಬರಿಸಿಕೊಂಡು, ಅವನು ಇನ್ನೂ ಜೋರಾಗಿ ನಕ್ಕ. ರಸ್ತೆಯಾಚೆ ನಿಂತ ಟ್ಯಾಕ್ಸಿಗಳ ರೇಡಿಯೊಗಳಲ್ಲಿ, ಒಂದು ಉಸಿರು ತಡವಾಗಿ, ಅದೇ ನಗು ಹಿಂದಿರುಗಿ ಬರುತ್ತಿತ್ತು. ಡ್ರೈವರುಗಳು ಒಬ್ಬೊಬ್ಬರಾಗಿ ಕೈಚಾಚಿ ರೇಡಿಯೊ ಬಂದ್ ಮಾಡತೊಡಗಿದರು.